ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಗೋಡೆ ಉಜ್ಜಬೇಕು

ಮಳೆ ಶುರುವಾದರೆ ಸಾಕು, ನಮ್ಮ ಆರೋಗ್ಯ ಕೇಂದ್ರಕ್ಕೆ ಒಂದೇ ಬೇಡಿಕೆ. "ಡಾಕ್ಟ್ರಮ್ಮ, ನಮ್ಮ ಬೀದಿಗೆ ಹೊಗೆ ಹೊಡೆಸಿ." ಹೊಗೆ ಗಾಡಿ ಬಂದ ತಕ್ಷಣ ಅದೇ ಜನ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೂತಿರುವುದೇ ಒಳಗೆ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ. ಹೊಗೆಯಿಂದ ಹಾರುವ ಸೊಳ್ಳೆ ಒಂದಿಷ್ಟು ಸಾಯಬಹುದು. ಮೊಟ್ಟೆಗೆ ಏನೂ ಆಗುವುದಿಲ್ಲ.

ನನಗೆ ಬೇಸರ ತರುವುದು ಈ ಮೊಟ್ಟೆಯ ವಿಷಯವೇ. ಎಷ್ಟು ಸಲ ಹೇಳಿದರೂ ಜನ ಇದೊಂದನ್ನು ಬಿಟ್ಟು ಬಾಕಿ ಎಲ್ಲ ಕೇಳಿಸಿಕೊಳ್ಳುತ್ತಾರೆ.

ಕಳೆದ ವರ್ಷ ಒಂದು ಮನೆಗೆ ಹೋಗಿದ್ದೆ. ಮೊಮ್ಮಗನಿಗೆ ಡೆಂಗಿ. ಅಜ್ಜಿ ಕಣ್ಣೀರು ಹಾಕುತ್ತಿದ್ದರು. "ಮೊನ್ನೆ ತಾನೇ ಡ್ರಮ್ ಪೂರ್ತಿ ಖಾಲಿ ಮಾಡಿ ತುಂಬಿಸಿದ್ವಲ್ಲ ತಾಯಿ!" ಅವರು ಹೇಳಿದ್ದು ನಿಜ. ನಾನು ಒಳಗೋಡೆಗೆ ಟಾರ್ಚ್ ಬಿಟ್ಟೆ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಸುತ್ತಲೂ ಕಪ್ಪು ಚುಕ್ಕಿಗಳು. ಎಳ್ಳಿಗಿಂತ ಎಷ್ಟೋ ಸಣ್ಣವು. ಕೊಳೆ ಅಂದುಕೊಂಡು ಬಿಟ್ಟಿದ್ದರಂತೆ.

ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನ ಒದ್ದೆ ಗೋಡೆಗೆ. ಅವು ಅಂಟಿಕೊಂಡಿರುತ್ತವೆ. ನೀರು ಚೆಲ್ಲಿದರೆ ನೀರಿನಲ್ಲಿದ್ದ ಹುಳು ಹೋಗುತ್ತದೆ, ಗೋಡೆಯ ಮೊಟ್ಟೆ ಅಲ್ಲೇ ಇರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಬೇಸಿಗೆಯಲ್ಲಿ ಮೂಲೆಗೆ ಬೋರಲು ಹಾಕಿದ ಡ್ರಮ್ಮನ್ನು ಮಳೆಗಾಲಕ್ಕೆ ತೆಗೆದು ತುಂಬಿಸುತ್ತೀರಿ, ಅಲ್ವಾ? ನೀರು ತಾಗಿದ ಕೂಡಲೇ ಹಳೆಯ ಮೊಟ್ಟೆ ಒಡೆಯುತ್ತದೆ. ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ಅದು ಸೊಳ್ಳೆ. ಅದಕ್ಕೇ ನಾವು ವಾರಕ್ಕೊಮ್ಮೆ ಉಜ್ಜಿ ಅನ್ನುವುದು. ತೆಂಗಿನ ನಾರು, ಗಟ್ಟಿ ಬ್ರಶ್, ಏನಾದರೂ ಆದೀತು. ಕೈ ಬಲ ಹಾಕಿ ಗೋಡೆ ತಿಕ್ಕಬೇಕು, ಅಷ್ಟೇ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮವೂ ಬಂತು. ದಂಡ ಬೇಕಿರಬಹುದು. ಆದರೆ ಅದರ ಹೆದರಿಕೆಗೆ ನಮ್ಮ ಆಶಾ ಅಕ್ಕನಿಗೆ ಯಾರೂ ಬಾಗಿಲು ತೆಗೆಯದಿದ್ದರೆ ಡ್ರಮ್ ನೋಡುವವರು ಯಾರು? ಬಿಸಿಲಲ್ಲಿ ಮನೆ ಮನೆ ಸುತ್ತುತ್ತಾರೆ ಅವರು. ಒಳಗೆ ಕರೆದು ಒಂದು ಲೋಟ ನೀರು ಕೊಡಿ, ಪುಣ್ಯ ಬರುತ್ತದೆ.

ಎಲ್ಲ ಜ್ವರವೂ ಡೆಂಗಿ ಅಲ್ಲ, ಪರೀಕ್ಷೆ ಮಾಡದೆ ನಾನೂ ಹೇಳಲಾರೆ. ಆದರೆ ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ತಂದು ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರ ಇಳಿಯಿತು ಅಂತ ನಿರಾಳವಾಗಲೂಬೇಡಿ. ಆಗ ಹೊಟ್ಟೆನೋವು, ಬಿಡದ ವಾಂತಿ, ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.

ಆ ಅಜ್ಜಿ ಕೊನೆಗೆ ಕೇಳಿದ ಪ್ರಶ್ನೆ ನ್ಯಾಯವಾದದ್ದು. "ನಲ್ಲಿ ಬರೋದೇ ವಾರಕ್ಕೊಂದು ಸಲ. ನೀರು ಹೇಗೆ ಚೆಲ್ಲಲಿ?" ಚೆಲ್ಲಬೇಡಿ. ದಪ್ಪ ಬಟ್ಟೆಯಲ್ಲಿ ಸೋಸಿ ಕೊಡ, ಬಕೆಟ್ಟುಗಳಿಗೆ ತುಂಬಿಸಿಕೊಳ್ಳಿ. ಬಟ್ಟೆಯಲ್ಲಿ ಸಿಕ್ಕ ಹುಳುವನ್ನು ಬಿಸಿಲಿರುವ ಒಣ ಮಣ್ಣಿಗೆ ಹಾಕಿ. ಡ್ರಮ್ ತಿಕ್ಕಿ ತೊಳೆದು, ಅದೇ ನೀರನ್ನು ವಾಪಸ್ ಸುರಿಯಿರಿ. ಆಮೇಲೆ ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ, ಸಂದಿ ಬಿಡದಂತೆ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿ.