ಕಿಲ್‌ಪೆಕ್ ಚರ್ಚ್: ಸೂರಿನ ಕೆಳಗಿನ ನಾಯಿ ಮತ್ತು ಮೊಲ

ಇಂಗ್ಲೆಂಡಿನ ಹಳ್ಳಿ ಚರ್ಚುಗಳನ್ನು ಓದಲು ಶುರು ಮಾಡಿದಾಗ ದೊಡ್ಡ ತಲೆನೋವು ಏನಂದ್ರೆ, ಒಂದೇ ಕಟ್ಟಡದಲ್ಲಿ ಐದಾರು ಕಾಲ ಬೆರೆತಿರುತ್ತದೆ. ಗೋಡೆ ಒಂದು ಶತಮಾನದ್ದು, ಕಿಟಕಿ ಇನ್ನೊಂದರದ್ದು, ಗೋಪುರ ಮತ್ತೊಂದರದ್ದು. ಅದಕ್ಕೇ ಮೊದಲು ಕಿಲ್‌ಪೆಕ್ ಓದಿ. ಹೆರೆಫರ್ಡ್‌ಶೈರ್‌ನಲ್ಲಿ, ವೇಲ್ಸ್ ಗಡಿಯ ಹತ್ತಿರ ಇರುವ ಚಿಕ್ಕ ಹಳ್ಳಿ ಇದು. ಚರ್ಚ್ ಸುಮಾರು 1140ರದ್ದು, ಆಮೇಲೆ ಅದನ್ನು ಹಿಗ್ಗಿಸಲೇ ಇಲ್ಲ.

ಈ ಚರ್ಚಿನ ಒಳಗೂ ಹೊರಗೂ ಕಲ್ಲಿನ ಕೆತ್ತನೆ. ಇಷ್ಟು ಚಿಕ್ಕ ಹಳ್ಳಿಯಲ್ಲಿ ಇಷ್ಟೊಂದು ಕೆತ್ತನೆ ಯಾಕೆ? ಚರ್ಚಿನ ಪಕ್ಕಕ್ಕೆ ಕಣ್ಣು ಹಾಯಿಸಿ, ಉತ್ತರ ಅಲ್ಲೇ ಇದೆ. ಅಲ್ಲೊಂದು ಮಣ್ಣಿನ ದಿಬ್ಬ, ಮೇಲೆ ಮುರಿದ ಗೋಡೆ. ಅದು ನಾರ್ಮನ್ ಕೋಟೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಈ ಊರು ಅವರ ಪಾಳೆಯಗಾರರ ಕೈಗೆ ಬಂತು, ಆ ವಂಶದ ಹ್ಯೂ 1134ರಲ್ಲಿ ಆಗ ಇಲ್ಲಿದ್ದ ಚರ್ಚನ್ನು ಗ್ಲೌಸ್ಟರ್ ಮಠಕ್ಕೆ ಕೊಟ್ಟ. ಅಂದ್ರೆ ಹಳ್ಳಿ ಚರ್ಚ್ ಅಂತ ಕರೆದರೂ ಹಿಂದೆ ಇದ್ದದ್ದು ಕೋಟೆಯ ದುಡ್ಡು. ಆದರೆ ಜಾಗ ನಾರ್ಮನ್ನರಿಗಿಂತ ಹಳೆಯದು: ಚರ್ಚಿನ ಹೆಸರಿನಲ್ಲಿ ಮೇರಿಯ ಜೊತೆ ವೇಲ್ಸ್‌ನ ಸಂತ ಡೇವಿಡ್ ಕೂಡ ಇದ್ದಾನೆ.

ನಕ್ಷೆ ಸುಲಭ, ಒಂದರ ಹಿಂದೆ ಒಂದು ಮೂರು ಕೋಣೆ. ಜನ ನಿಲ್ಲುವುದು ನೇವ್. ಪಾದ್ರಿಯ ಜಾಗ ಚಾನ್ಸೆಲ್. ಪೂರ್ವದ ತುದಿಯ ಅರ್ಧವೃತ್ತ ಆಪ್ಸ್. ನಾನು ಪರೀಕ್ಷೆಯಲ್ಲಿ ಕೊನೆಯ ಎರಡನ್ನೂ ಒಂದೇ ಅಂತ ಬರೆದು ಅಂಕ ಕಳೆದುಕೊಂಡೆ, ನೀವು ಹಾಗೆ ಮಾಡಬೇಡಿ. ನೇವ್ ಮತ್ತು ಚಾನ್ಸೆಲ್ ನಡುವಿನ ಕಮಾನಿನ ಎರಡೂ ಬದಿಯಲ್ಲಿ ಸಂತರ ಮೂರು ಮೂರು ಮೂರ್ತಿ, ಒಬ್ಬರ ತಲೆಯ ಮೇಲೆ ಇನ್ನೊಬ್ಬರು. ಸ್ಪೇನಿನ ಯಾತ್ರಾಸ್ಥಳ ಸ್ಯಾಂಟಿಯಾಗೊ ದೆ ಕಾಂಪೊಸ್ಟೆಲಾದ ದೊಡ್ಡ ಚರ್ಚಿನ ಬಾಗಿಲಿನಲ್ಲೂ ಇದೇ ಕ್ರಮ ಇದೆ. ಇದೇ ಹೆರೆಫರ್ಡ್‌ಶೈರ್‌ನ ಶಾಬ್ಡನ್‌ನಲ್ಲಿ ಚರ್ಚ್ ಕಟ್ಟಿಸಿದ ಆಲಿವರ್ ದೆ ಮರ್ಲಿಮಂಡ್ ಕಾಂಪೊಸ್ಟೆಲಾಗೆ ಯಾತ್ರೆ ಹೋಗಿ ಬಂದವನು, ಆ ದಾರಿಯಲ್ಲೇ ಈ ಕಲ್ಪನೆ ಇಲ್ಲಿಗೆ ಬಂತು ಅನ್ನುವ ವಾದ ನನಗೆ ಒಪ್ಪಿಗೆಯಾಗುತ್ತದೆ. ಈ ಸುತ್ತಿನ ಶಿಲ್ಪಿಗಳ ಕೆಲಸಕ್ಕೆ ಹೆರೆಫರ್ಡ್‌ಶೈರ್ ಸ್ಕೂಲ್ ಅಂತಾನೇ ಹೆಸರು.

ದಕ್ಷಿಣದ ಬಾಗಿಲಿನ ಮುಂದೆ ಮಾತ್ರ ಆತುರ ಬೇಡ. ಮೇಲಿನ ಅರ್ಧಚಂದ್ರದ ಕಲ್ಲಿಗೆ ಟಿಂಪನಮ್ ಅನ್ನುತ್ತಾರೆ. ಬೇರೆ ಚರ್ಚುಗಳಲ್ಲಿ ಅಲ್ಲಿ ಕ್ರಿಸ್ತನನ್ನು ಕಾಣುವುದು ಜಾಸ್ತಿ, ಇಲ್ಲಿ ಬರೀ ದ್ರಾಕ್ಷಿ ಬಳ್ಳಿ. ಸುತ್ತಲಿನ ಕಮಾನಿನಲ್ಲಿ ಡ್ರ್ಯಾಗನ್, ಹಕ್ಕಿ, ಕೊಕ್ಕಿನ ಮುಖಗಳು. ಎಡಗಡೆಯ ಕಂಬದಲ್ಲಿ ಬಳ್ಳಿಯ ಸುತ್ತಿನೊಳಗೆ ಸಿಕ್ಕಿಕೊಂಡಂತೆ ಇಬ್ಬರು ಯೋಧರು, ಮೇಲೊಬ್ಬ ಕೆಳಗೊಬ್ಬ, ಗೀರು ಗೀರಿನ ಷರಾಯಿ ಹಾಕಿಕೊಂಡಿದ್ದಾರೆ. ಕಲ್ಲು ಕೆಂಪು ಮರಳುಗಲ್ಲು. ಇಷ್ಟು ವರ್ಷದ ಮಳೆ ಕಂಡರೂ ಗೆರೆಗಳು ಚೂಪಾಗಿವೆ.

ಇನ್ನು ಕಾರ್ಬೆಲ್. ಸೂರಿನ ಕೆಳಗೆ ಗೋಡೆಯಿಂದ ಹೊರಚಾಚಿದ ಕಲ್ಲು, ಮೇಲಿನ ಅಂಚಿನ ಭಾರ ಹೊರುವುದು ಅದರ ಕೆಲಸ. ಇಲ್ಲಿ 85 ಉಳಿದಿವೆ. ಒಂದರಲ್ಲಿ ನಾಯಿ ಮತ್ತು ಮೊಲ ಪಕ್ಕಪಕ್ಕ ಕೂತಿವೆ, ಮೊನ್ನೆ ಬರೆದ ಕಾರ್ಟೂನ್ ಥರಾನೇ. ಎರಡೂ ಕಾಲನ್ನು ಅಗಲಿಸಿ ಯೋನಿಯನ್ನು ತೋರಿಸುವ ಹೆಂಗಸಿನ ಮೂರ್ತಿಯೂ ಇದೆ, ಅದಕ್ಕೆ ಶೀಲಾ ನಾ ಗಿಗ್ ಅಂತ ಹೆಸರು. ಕಾಮದ ವಿರುದ್ಧ ಎಚ್ಚರಿಕೆ ಅಂತ ಕೆಲವರು, ಕೆಟ್ಟ ದೃಷ್ಟಿ ತಡೆಯಲು ಅಂತ ಕೆಲವರು, ಹಳೆಯ ದೇವತೆ ಅಂತ ಇನ್ನು ಕೆಲವರು. ಪರೀಕ್ಷೆಯ ಉತ್ತರದಲ್ಲಿ ಒಂದನ್ನೇ ಹಿಡಿದು ಸಾಧಿಸಲು ಹೋಗಬೇಡಿ, ಮೂರನ್ನೂ ಬರೆಯಿರಿ.

ಪ್ರತಿಯೊಂದು ಕಾರ್ಬೆಲ್‌ಗೂ ಧಾರ್ಮಿಕ ಅರ್ಥ ಹುಡುಕುವುದು ಸುಮ್ನೆ ಕಷ್ಟ. ಆದರೆ ಎಲ್ಲವೂ ತಮಾಷೆ ಅಂತ ಬಿಡುವ ಹಾಗೂ ಇಲ್ಲ. ಫೋಟೋದಲ್ಲಿ ಒಂದನ್ನು ನೋಡಿ ನಾನು 'ಕುದುರೆ' ಅಂತ ಬರೆದುಕೊಂಡಿದ್ದೆ. ದೊಡ್ಡದು ಮಾಡಿ ನೋಡಿದರೆ ಅದರ ಜೊತೆ ಶಿಲುಬೆ. ಕುದುರೆಯಲ್ಲ, ದೇವರ ಕುರಿಮರಿ, ಅಂದ್ರೆ ಕ್ರಿಸ್ತನ ಗುರುತು.