‘ತೋಟ’ ಮೂರು ಪ್ರಶ್ನೆ ಚಿಹ್ನೆ ಆದದ್ದು ಹೇಗೆ?

ಮೂಡಿಗೆರೆ ಕಡೆ ನಮ್ಮ ನೆಂಟರದೊಂದು ಕಾಫಿ ತೋಟವಿದೆ. ಅಲ್ಲಿನ ರೈಟರ (ಲೆಕ್ಕಪತ್ರ ಬರೆಯುವವರ) ಕಂಪ್ಯೂಟರಿನಲ್ಲಿ ಫೋಲ್ಡರುಗಳ ಹೆಸರೆಲ್ಲ ಕನ್ನಡದ್ದೇ: ತೋಟ, ಮಳೆ, ಕಾಫಿ, ಕೂಲಿ. ಡಿಸ್ಕ್ ಹಳೆಯದಾಯಿತೆಂದು ಅದನ್ನೆಲ್ಲ ಕಾಪಿ ಮಾಡಲು ಕುಳಿತೆ. ಕಮಾಂಡ್ ಲೈನಿನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ತೆರೆಯಲ್ಲಿ, ಓಡುವ ಹಳೆಯ ಟೂಲ್ ಒಂದು ಕೈಗೆ ಸಿಕ್ಕಿತು. ಓಡಿಸಿದೆ. ಬಂದದ್ದು ಸಾಲು ಸಾಲು ಪ್ರಶ್ನೆ ಚಿಹ್ನೆ. ತೋಟಕ್ಕೆ ಮೂರು, ಮಳೆಗೂ ಮೂರು. ಕಾಫಿಗೆ ನಾಲ್ಕು, ಕೂಲಿಗೂ ನಾಲ್ಕು. ಆಮೇಲೆ ‘ಫೈಲ್ ಸಿಗಲಿಲ್ಲ’ ಎಂದು ಹೇಳಿ ಟೂಲ್ ನಿಂತೇಬಿಟ್ಟಿತು.

ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರೆ ಆಗುತ್ತಿತ್ತಲ್ವಾ ಎನ್ನಬಹುದು. ಅಲ್ಲೂ ನೆಮ್ಮದಿಯಿಲ್ಲ. 2014ರ ನವೆಂಬರ್ 1ಕ್ಕೆ ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲಿಂಗೇ ಬದಲಾಯಿತು. ಊರು ಒಂದೇ, ಫೋಲ್ಡರ್ ಎರಡು.

ಈ ಕಥೆ 1963ರಲ್ಲಿ ಬಂದ ಆಸ್ಕಿಯಿಂದ ಶುರು. ಅದು ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಕೊಡುವ ಪಟ್ಟಿ. ಅದರಲ್ಲಿ 128 ಜಾಗ, ಎಲ್ಲವೂ ಇಂಗ್ಲಿಷಿಗೆ ಬೇಕಾದವು. ಮುಂದೆ ಜಾಗ 256 ಆಯಿತು. ಹೆಚ್ಚಿಗೆ ಸಿಕ್ಕಿದ್ದನ್ನು ಒಂದೊಂದು ನಾಡು ಒಂದೊಂದು ರೀತಿ ತುಂಬಿಕೊಂಡಿತು. ಅವೇ ಕೋಡ್ ಪೇಜ್‌ಗಳು. ನಮ್ಮಲ್ಲಿ ಭಾರತೀಯ ಭಾಷೆಗಳಿಗೆಂದು ಇಸ್ಕಿ ಎಂಬ ಮಾನಕ ಬಂತು, 1991ರಲ್ಲಿ ಅದರ ಪರಿಷ್ಕೃತ ರೂಪವೂ ಬಂತು. ಆದರೆ ಡಿಟಿಪಿ ಅಂಗಡಿಗಳಲ್ಲಿ ಗೆದ್ದದ್ದು ಬರಹ, ನುಡಿಯಂಥ ತಂತ್ರಾಂಶಗಳ ಫಾಂಟುಗಳು. ಅಲ್ಲಿ ಕನ್ನಡ ಬರೀ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು ಫಾಂಟ್ ಬದಲಿಸಿ ನೋಡಿ, ನಡುವೆ ಬ್ರಿಟನ್ನಿನ ಪೌಂಡ್ ಗುರುತು ಕೂತಿರುತ್ತದೆ! ಫೈಲಿನ ಹೆಸರಿಗೆ ಈ ವೇಷ ಹಾಕಲು ಬರುವುದಿಲ್ಲ. ಹೆಸರುಗಳನ್ನು ವಿಂಡೋಸ್ ತನ್ನದೇ ಫಾಂಟಿನಲ್ಲಿ ತೋರಿಸುತ್ತದೆ. ಒಳಗೆ ಕನ್ನಡ, ಹೆಸರು ಮಾತ್ರ ಇಂಗ್ಲಿಷು ಎಂಬ ಅಭ್ಯಾಸ ನಮಗೆ ಅಂಟಿಕೊಂಡದ್ದು ಆಗಲೇ ಇರಬೇಕು.

1991ರಲ್ಲೇ ಎಲ್ಲ ಭಾಷೆಗಳಿಗೂ ಒಂದೇ ಪಟ್ಟಿಯಾಗಿ ಯುನಿಕೋಡ್ ಬಂತು. ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ಸಿಕ್ಕಿತು. ಆದರೆ ಅದನ್ನು ಡಿಸ್ಕಿನ ಮೇಲೆ ಬರೆಯುವ ರೀತಿಯಲ್ಲಿ ದಾರಿ ಕವಲೊಡೆಯಿತು.

1993ರ ವಿಂಡೋಸ್ ಎನ್‌ಟಿ ಒಂದೊಂದು ಅಕ್ಷರಕ್ಕೂ 16 ಬಿಟ್ ಕೊಟ್ಟಿತು. ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಎರಡು ಬಾಗಿಲು ಇಟ್ಟಿತು. ಹೊಸ ಬಾಗಿಲಿನಲ್ಲಿ ಹೋದರೆ ಹೆಸರು ಇದ್ದ ಹಾಗೇ ಸಿಗುತ್ತದೆ. ಹಳೆಯದರಲ್ಲಿ ಹೋದರೆ ಆ ಕಂಪ್ಯೂಟರಿನ ಕೋಡ್ ಪೇಜಿಗೆ ಇಳಿಸಿ ಕೊಡುತ್ತದೆ. ರಷ್ಯನ್ನಿಗೆ, ಜಪಾನಿಗೆ, ಥಾಯ್‌ಗೆ ಅಂಥ ಕೋಡ್ ಪೇಜ್ ಇತ್ತು. ಕನ್ನಡಕ್ಕೆ ಇರಲೇ ಇಲ್ಲ, ಹಿಂದಿಗೂ ಇರಲಿಲ್ಲ. ಹಾಗಾಗಿ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ ಒಂದೊಂದು ಪ್ರಶ್ನೆ ಚಿಹ್ನೆ. ತಮಾಷೆ ಏನೆಂದರೆ, ವಿಂಡೋಸಿನಲ್ಲಿ ಫೈಲಿನ ಹೆಸರಿನೊಳಗೆ ಪ್ರಶ್ನೆ ಚಿಹ್ನೆ ಇರುವಂತೆಯೇ ಇಲ್ಲ. ತಾನೇ ಕೊಟ್ಟ ಹೆಸರನ್ನು ಟೂಲ್ ವಾಪಸ್ ಕೊಟ್ಟರೆ ವಿಂಡೋಸ್ ಗುರುತಿಸುವುದಿಲ್ಲ. ನನ್ನ ಹಳೆಯ ಟೂಲ್ ಎಡವಿದ್ದು ಇದೇ ಹೊಸ್ತಿಲಿನಲ್ಲಿ. ಹಳೆಯ ಬಾಗಿಲಿನಲ್ಲೂ ಯುಟಿಎಫ್-8 (ಯುನಿಕೋಡನ್ನು ಬೈಟುಗಳಾಗಿ ಬರೆಯುವ ಒಂದು ವಿಧಾನ, ಅದರ ಕಥೆ ಮುಂದಿದೆ) ಬಳಸಲು ಪ್ರೋಗ್ರಾಮುಗಳಿಗೆ ಅವಕಾಶ ಸಿಕ್ಕಿದ್ದು 2019ರಲ್ಲಿ, ವಿಂಡೋಸ್ 10ರ ಒಂದು ಅಪ್‌ಡೇಟಿನಲ್ಲಿ.

ಇನ್ನೊಂದು ಕವಲು ಯುನಿಕ್ಸಿನದು, ಲಿನಕ್ಸ್ ಕೂಡ ಅದೇ ದಾರಿಯ ಆಪರೇಟಿಂಗ್ ಸಿಸ್ಟಮ್. ಅಲ್ಲಿ ಹೆಸರು ಅಂದರೆ ಸುಮ್ನೆ ಬೈಟುಗಳ ಸಾಲು. ಸೊನ್ನೆ ಬೈಟು, ಓರೆ ಗೆರೆ ಇವೆರಡು ಬರಬಾರದು, ಅಷ್ಟೇ. ಓರೆ ಗೆರೆ ಫೋಲ್ಡರುಗಳ ನಡುವಿನ ಬೇಲಿ. ಯುನಿಕೋಡಿಗಾಗಿ ಮೊದಲು ಮಾಡಿದ್ದ ಒಂದು ವಿಧಾನದಲ್ಲಿ ಬೇರೆ ಅಕ್ಷರದ ಹೊಟ್ಟೆಯೊಳಗೂ ಓರೆ ಗೆರೆಯ ಬೈಟು ಬರುತ್ತಿತ್ತು. ಹಾಗಾದರೆ ದಾರಿ ತಪ್ಪಿದ ಹಾಗೇ. 1992ರ ಸೆಪ್ಟೆಂಬರಿನಲ್ಲಿ ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ, ಸಹೋದ್ಯೋಗಿ ರಾಬ್ ಪೈಕ್ ಎದುರಿಗೇ, ತಟ್ಟೆಯ ಕೆಳಗಿನ ಕಾಗದದ ಮೇಲೆ ಹೊಸ ವಿಧಾನ ಬರೆದರು. ಅದೇ ಇಂದಿನ ಯುಟಿಎಫ್-8. ಅದಕ್ಕೆ ಮೊದಲಿದ್ದ ಹೆಸರು ‘ಫೈಲ್ ಸಿಸ್ಟಮ್ ಸೇಫ್ ಯುಟಿಎಫ್’. ಅಂದರೆ ಇವತ್ತು ಎಲ್ಲೆಡೆ ಓಡುವ ಈ ಕೋಡ್ ಹುಟ್ಟಿದ್ದರ ಹಿಂದೆ ಇದ್ದದ್ದು ಫೈಲ್ ಹೆಸರಿನ ತಕರಾರೇ.

ಇದಕ್ಕೆ ನಾವು ಸ್ವಲ್ಪ ಜಾಸ್ತಿ ಬೆಲೆ ಕೊಡುತ್ತೇವೆ. ಕನ್ನಡದ ಒಂದೊಂದು ಗುರುತಿಗೂ 3 ಬೈಟು. ‘ಚಿಕ್ಕಮಗಳೂರು’ 33 ಬೈಟು. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ, ಎಂದರೆ ಕನ್ನಡದ 85 ಗುರುತು. ವಿಂಡೋಸಿನಲ್ಲಿ 255 ಗುರುತು ಹಿಡಿಯುತ್ತವೆ. ಅಲ್ಲಿ ಆರಾಮಾಗಿದ್ದ ಉದ್ದ ಹೆಸರು ಇಲ್ಲಿಗೆ ಕಾಪಿಯಾಗುವಾಗ ಕೈಕೊಡುವುದು ಇದಕ್ಕೇ.

ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಮ್ ಇನ್ನೂ ವಿಚಿತ್ರ. ಕೂಡಿದ ಗುರುತುಗಳನ್ನು ಅದು ಬಿಡಿಸಿ ಇಡುತ್ತಿತ್ತು. ‘ತೋಟ’ದ ಓತ್ವ ಅಲ್ಲಿ ಎತ್ವ, ಕೊಂಬಿನ ದೀರ್ಘ, ಮತ್ತೊಂದು ದೀರ್ಘ ಎಂದು ಮೂರು ಚೂರು. 9 ಬೈಟಿನ ತೋಟ 15 ಬೈಟು. ಕಣ್ಣಿಗೆ ಎರಡೂ ತೋಟವೇ, ಲಿನಕ್ಸಿಗೆ ಬೇರೆ ಬೇರೆ. ಒಂದೇ ಫೋಲ್ಡರಿನಲ್ಲಿ ಎರಡು ‘ತೋಟ’ ಕಂಡರೆ ಹೆದರಬೇಡಿ. ‘ಚೆಕ್‌ರೋಲ್’ (ಕೂಲಿಯವರ ಹಾಜರಿ ಪಟ್ಟಿ) ಎಂದು ಬರೆಯುವಾಗ ಒತ್ತಕ್ಷರ ತಪ್ಪಿಸಲು ಹಾಕುತ್ತೇವಲ್ಲ, ಆ ಕಾಣದ ಗುರುತೂ ಹೀಗೇ. ಪದದ ಕೊನೆಯಲ್ಲಿ ಅದು ಉಳಿದುಬಿಟ್ಟರೆ ನೋಡಿದವರಿಗೆ ಗೊತ್ತೇ ಆಗುವುದಿಲ್ಲ, ಹೆಸರು ಮಾತ್ರ ಬೇರೆಯಾಗಿರುತ್ತದೆ.

ಟೂಲ್ ಬರೆಯುವವರೂ ಇದನ್ನು ಬಿದ್ದು ಎದ್ದೇ ಕಲಿತರು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2008ರ 3ನೇ ಆವೃತ್ತಿ, ಹೆಸರೆಂದರೆ ಯಾವಾಗಲೂ ಪಠ್ಯವೇ ಎಂದು ನಂಬಿ ಹೊರಟಿತು. ಲಿನಕ್ಸಿನಲ್ಲಿ ಓದಲಾಗದ ಹೆಸರಿನ ಫೈಲುಗಳನ್ನು ಪಟ್ಟಿಯಿಂದಲೇ ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಬ್ಯಾಕಪ್ ಮಾಡುವವರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. 2009ರ 3.1ರಲ್ಲಿ ಅರ್ಥವಾಗದ ಬೈಟುಗಳನ್ನು ಗಂಟು ಕಟ್ಟಿ ಇಟ್ಟುಕೊಂಡು, ವಾಪಸ್ ಕೊಡುವಾಗ ಹಾಗೇ ಬಿಚ್ಚಿ ಕೊಡುವ ಉಪಾಯ ಬಂತು. 2016ರ 3.6 ವಿಂಡೋಸಿನಲ್ಲೂ ಹೆಸರುಗಳಿಗೆ ಯುಟಿಎಫ್-8 ಹಿಡಿಯಿತು. ಫೈಲುಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನದು ಬೇರೆ ದಾರಿ. ‘ತ’ ಅಕ್ಷರವನ್ನು 340, 262, 244 ಎಂಬ ಅಂಕಿಗಳಾಗಿ ತೋರಿಸುತ್ತದೆ. ನೋಡಲು ಭಯಂಕರ, ಆದರೆ ಏನೂ ಕಳೆದಿರುವುದಿಲ್ಲ. ‘ಕೋಟ್‌ಪಾತ್’ ಎಂಬ ಸೆಟ್ಟಿಂಗ್ ಆಫ್ ಮಾಡಿದರೆ ಕನ್ನಡ ಕಾಣುತ್ತದೆ. ನನಗೆ ಪ್ರಶ್ನೆ ಚಿಹ್ನೆಗಿಂತ ಈ ಅಂಕಿಗಳೇ ವಾಸಿ.

ತೋಟದ ಕಾಪಿ ಕೊನೆಗೂ ಮುಗಿಯಿತು, ಹೊಸ ಬಾಗಿಲಿನಲ್ಲಿ ಹೋಗುವ ಟೂಲಿನಿಂದ. ಆ ಕಪ್ಪು ತೆರೆಯ ಮೇಲೆ ‘ತೋಟ’ದ ಓತ್ವ ಈಗಲೂ ತಕಾರ ಬಿಟ್ಟು ಪಕ್ಕಕ್ಕೆ ಸರಿದೇ ಕಾಣುತ್ತದೆ. ಅದು ಬರೀ ತೋರಿಸುವುದರ ಎಡವಟ್ಟು. ಡಿಸ್ಕಿನ ಮೇಲಿನ 3 ಗುರುತುಗಳೂ ಇದ್ದ ಹಾಗೇ ಇವೆ.