ಚಿಗರಿಯ ದಾರಿ ಮತ್ತು ರಸ್ತೆ ಬದಿಯ ಮರ

ಶಿರಸಿಯಿಂದ ಹುಬ್ಬಳ್ಳಿಗೆ ಆಸ್ಪತ್ರೆಗೋ ಮದುವೆ ಜವಳಿಗೋ ಹೋದವರು ಚಿಗರಿ ಬಸ್ಸು ನೋಡಿಯೇ ಇರುತ್ತೀರಿ. ರಸ್ತೆಯ ನಡುವೆ ಅದಕ್ಕೇ ಅಂತ ಬೇರೆ ದಾರಿ. ಪಕ್ಕದಲ್ಲಿ ಕಾರು, ಆಟೊ, ಬೈಕು ಸಿಕ್ಕಿಬಿದ್ದಿದ್ದರೂ ಅದು ತನ್ನ ಪಾಡಿಗೆ ಓಡುತ್ತದೆ. ಆ ಕಡೆ ಚಿಗರಿ ಅಂದರೆ ಜಿಂಕೆ. ನಮ್ಮ ಕಾರವಾರ, ಶಿರಸಿಯ ಕೆಂಪು ಬಸ್ಸು ಓಡಿಸುವ ವಾಯವ್ಯ ಸಾರಿಗೆಯೇ ಅದನ್ನೂ ಓಡಿಸುತ್ತದೆ.

ಬಸ್ಸಿಗೆ ಬೇರೆ ದಾರಿ ಕೊಡುವ ಯೋಚನೆ ಹಳೆಯದು. ಬ್ರೆಜಿಲ್‌ನ ಕುರಿಟಿಬಾ ನಗರ 1974ರಲ್ಲೇ ಅದನ್ನು ಮಾಡಿ ತೋರಿಸಿತು. ಅಲ್ಲಿನ ಮೇಯರ್ ಜೈಮಿ ಲರ್ನರ್ ವಾಸ್ತುಶಿಲ್ಪಿ. ಮೆಟ್ರೋ ರೈಲಿಗೆ ಸುರಿಯುವಷ್ಟು ಹಣ ಇರಲಿಲ್ಲ. ಹಾಗಾಗಿ ಇದ್ದ ರಸ್ತೆಯ ನಡುಭಾಗವನ್ನೇ ಬಸ್ಸಿಗೆ ಬಿಟ್ಟರು. 2000ದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾ ಅದೇ ದಾರಿ ಹಿಡಿಯಿತು. ಹಳೆಯ, ಹೊಗೆ ಉಗುಳುವ ಬಸ್ಸುಗಳನ್ನು ಗುಜರಿಗೆ ಹಾಕಿತು. ಆ ಯೋಜನೆ 2006ರಲ್ಲಿ ವಿಶ್ವಸಂಸ್ಥೆಯ ಕಾರ್ಬನ್ ಕಡಿತ ವ್ಯವಸ್ಥೆಯಲ್ಲೂ ನೋಂದಣಿಯಾಯಿತು.

ಗಾಳಿಗೆ ಇದರಿಂದ ಏನು ಲಾಭ? ಅರಬೈಲ್ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕ ಬಸ್ಸನ್ನು ನೆನಪು ಮಾಡಿಕೊಳ್ಳಿ. ನಿಲ್ಲುವುದು, ಮತ್ತೆ ಗೇರು ಹಾಕಿ ಏಳುವುದು. ಪ್ರತಿ ಸಲ ಎದ್ದಾಗಲೂ ಕಪ್ಪು ಹೊಗೆ. ಅಷ್ಟು ಭಾರದ ಗಾಡಿ ನಿಂತಲ್ಲಿಂದ ಹೊರಡುವಾಗಲೇ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಸಿಟಿಯ ಟ್ರಾಫಿಕ್‌ನಲ್ಲಿ ದಿನವಿಡೀ ಇದೇ ಪಾಡು. ಬೇರೆ ದಾರಿ ಸಿಕ್ಕರೆ ಬಸ್ಸು ಒಂದೇ ಸಮನೆ ಓಡುತ್ತದೆ, ಎಣ್ಣೆ ಉಳಿಯುತ್ತದೆ, ಬ್ರೇಕು ಟಯರಿನ ದೂಳೂ ಕಡಿಮೆ. ಆದರೆ ಇದು ಚಿಕ್ಕ ಲಾಭ. ದೊಡ್ಡ ಲಾಭ ಬರುವುದು ಜನ ಬೈಕು, ಕಾರು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿದಾಗ. ಬಸ್ಸು ಹೊತ್ತಿಗೆ ಸರಿಯಾಗಿ ಬರದಿದ್ದರೆ ಯಾರು ಹತ್ತುತ್ತಾರೆ, ಅಲ್ವಾ?

ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಆರು ಕಿಲೋಮೀಟರ್ ಹತ್ತಿರದ ಬಸ್ ಪಥ ಶುರುವಾಯಿತು. ಪಕ್ಕದ ಸಾಲಿನಲ್ಲಿ ಕಾರುಗಳು ಗಂಟೆಗಟ್ಟಲೆ ನಿಂತು ಹೊಗೆ ಬಿಡುತ್ತವೆ ಅಂತ ಕಾರಿನವರು ಸಿಟ್ಟಾದರು. 2016ರಲ್ಲಿ ಅದನ್ನು ಕಿತ್ತುಹಾಕಿದರು. ಬೆಂಗಳೂರಿನಲ್ಲಿ 2019ರಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರದ ನಡುವೆ ಬಂದ ಬಸ್ ಪಥವನ್ನು ಮೆಟ್ರೋ ಕಾಮಗಾರಿ ನುಂಗಿತು. ಅಹಮದಾಬಾದಿನದು 2009ರಿಂದ ಓಡುತ್ತಲೇ ಇದೆ.

ಹುಬ್ಬಳ್ಳಿ–ಧಾರವಾಡದ ಕತೆ ನನಗೆ ಬೇರೆಯೇ ಕಾರಣಕ್ಕೆ ಮುಖ್ಯ. ಅಲ್ಲಿ ಸುಮಾರು 22 ಕಿಲೋಮೀಟರ್ ಉದ್ದದ ಪಥ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಬಸ್ಸು ಓಡಿತು, 2020ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಬಸ್ಸೇನೋ ಚೆನ್ನಾಗಿದೆ. ಆದರೆ ಅಲ್ಲಿ ಕಾರಿನ ಜಾಗ ತೆಗೆದು ಬಸ್ಸಿಗೆ ಕೊಡಲಿಲ್ಲ, ರಸ್ತೆಯನ್ನೇ ಅಗಲ ಮಾಡಿದರು. ಬದಿಯ ಹಳೆಯ ಮರಗಳು ಹೋದವು. ಕಾಮಗಾರಿ ನಡೆದ ವರ್ಷಗಳಲ್ಲಿ ಊರು ದೂಳು ಕುಡಿಯಿತು. ಬಸ್ ಪಥ ಪರಿಸರಕ್ಕೆ ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ನಿಂತಿರುವುದು ಇಲ್ಲೇ: ಆ ಜಾಗ ಯಾರಿಂದ ಬಂತು? ಕಾರಿನಿಂದಲೋ, ಮರದಿಂದಲೋ?

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದೇ ಹಾಗೆ. ಅದೇ ಜಿಲ್ಲೆಯಲ್ಲಿ ಈಗ ಕರಾವಳಿಯ ಹೆದ್ದಾರಿ ನಾಲ್ಕು ಲೇನ್ ಆಗಿದೆ. ಅದಕ್ಕಾಗಿ ಗುಡ್ಡ ಕಡಿದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಇಷ್ಟು ಬೆಲೆ ಕೊಟ್ಟ ರಸ್ತೆಯಲ್ಲೂ ಮಳೆಯಲ್ಲಿ ಬಸ್ಸಿಗೆ ಕಾಯುವ ಕಾಲೇಜು ಮಕ್ಕಳು ಎಷ್ಟೋ ಕಡೆ ಅಂಚಿನಲ್ಲೇ ನಿಲ್ಲುತ್ತಾರೆ.

ಕಾರವಾರಕ್ಕೋ ಶಿರಸಿಗೋ 22 ಕಿಲೋಮೀಟರ್ ಬಸ್ ಪಥ ಬೇಕಿಲ್ಲ. ಚಿಕ್ಕ ಊರಿಗೆ ಚಿಕ್ಕ ಉಪಾಯವೇ ಸಾಕು. ಸರ್ಕಲ್ಲಿಗೆ ಮುಂಚಿನ ನೂರು ಮೀಟರ್ ಜಾಗವನ್ನು ಬಸ್ಸಿಗೆ ಮಾತ್ರ ಬಿಟ್ಟರೆ ಅದು ಸಾಲು ದಾಟಿ ಮುಂದೆ ಹೋಗುತ್ತದೆ. ಬೇರೆ ದೇಶದ ಎಷ್ಟೋ ಊರುಗಳಲ್ಲಿ ಹೀಗೆ ಮಾಡಿದ್ದಾರೆ. ಒಂದು ಮರವನ್ನೂ ಕಡಿಯಬೇಕಿಲ್ಲ. ಬೇಕಾಗುವುದು ಬಿಳಿ ಬಣ್ಣ, ಒಂದು ಬೋರ್ಡು, ಮತ್ತು ಅಲ್ಲಿ ಕಾರು ನಿಲ್ಲಿಸದಂತೆ ನೋಡಿಕೊಳ್ಳುವ ಒಬ್ಬ ಪೊಲೀಸು. ಶಿರಸಿಯ ದೇವಿಕೆರೆ ಹತ್ತಿರ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿ. ಬಸ್ಸಿನೊಳಗೆ ಎಷ್ಟು ಜನ, ಅದರ ಮುಂದಿನ ಕಾರುಗಳಲ್ಲಿ ಎಷ್ಟು ಜನ ಅಂತ ಸುಮ್ನೆ ಒಮ್ಮೆ ಎಣಿಸಿ.